ಬೆಸ ಸಂಖ್ಯೆಯ ಹಬ್ಬ

ಮಂಗಳೂರು ಕಡೆಯ ಕೆಥೊಲಿಕ್ ಮನೆಗಳಲ್ಲಿ ಮಕ್ಕಳಿಗೆ ಬೇಲಿ ಹಾರುವ ಮೊದಲ ಪಾಠ ಆಗುವುದು ದೇವರ ಹೆಸರಿನಲ್ಲೇ. ಆಗಸ್ಟ್ 30ಕ್ಕೆ ಮೊಂತಿ ಹಬ್ಬದ ನೊವೆನಾ ಶುರು. ಅಲ್ಲಿಂದ ಸೆಪ್ಟೆಂಬರ್ 7ರ ತನಕ ಒಂಬತ್ತು ದಿನವೂ ಪುಟಾಣಿಗಳೆಲ್ಲ ಬುಟ್ಟಿಯಲ್ಲೋ ತಟ್ಟೆಯಲ್ಲೋ ಹೂ ತುಂಬಿಕೊಂಡು ಇಗರ್ಜಿಗೆ ಬರಬೇಕು. ಪೂಜೆ ಮುಗಿದ ಮೇಲೆ ಸಾಲಾಗಿ ನಿಂತು, ಹಾಡಿನ ಪಲ್ಲವಿ ಬಂದಾಗಲೆಲ್ಲ ಬಾಲೆ ಮರಿಯಮ್ಮನ ಪ್ರತಿಮೆಗೆ ಹೂ ಎರಚಬೇಕು. ಎಂಟನೆಯ ತಾರೀಕು ಮರಿಯಮ್ಮನ ಹುಟ್ಟುಹಬ್ಬ. ಅದೇ ದಿನ ಹೊಸ ತೆನೆಯ ಹಬ್ಬ. ದಿನಕ್ಕೊಂದು ಬುಟ್ಟಿ ಹೂವೆಂದರೆ ಹೇಳಲು ಸುಲಭ. ಮೂರನೆಯ ದಿನಕ್ಕೆ ಸ್ವಂತ ಅಂಗಳ ಬೋಳಾಗುತ್ತದೆ, ನಾಲ್ಕನೆಯ ದಿನದಿಂದ ಮಕ್ಕಳ ಕಣ್ಣು ಪಕ್ಕದ ಕಾಂಪೌಂಡಿನ ಮೇಲೆ ನೆಡುತ್ತದೆ.

ಪೇಟೆಯಿಂದ ಹೂ ತಂದರಾಯಿತಲ್ಲ ಎನ್ನಬಹುದು. ನಮ್ಮ ಮನೆಯಲ್ಲಿ ಹಾಗೆನ್ನುವ ಧೈರ್ಯ ಯಾರಿಗೂ ಇಲ್ಲ. ಅತ್ತೆ, ಅಂದರೆ ಕೊಂಕಣಿಯಲ್ಲಿ ನಾವೆಲ್ಲ ಮಾಂಯ್ ಎಂದು ಕರೆಯುವವರು, ಅದಕ್ಕೊಂದು ಕಾನೂನು ಮಾಡಿಟ್ಟಿದ್ದಾರೆ: ದುಡ್ಡು ಕೊಟ್ಟು ತಂದ ಹೂ ಅಂಗಡಿಯವನ ಲೆಕ್ಕಕ್ಕೆ ಜಮೆ, ಕೈಯಾರೆ ಕೊಯ್ದ ಹೂ ಮಾತ್ರ ನಿಮ್ಮ ಲೆಕ್ಕಕ್ಕೆ. ಸ್ವರ್ಗದಲ್ಲಿ ಹೀಗೊಂದು ಖಾತೆಪುಸ್ತಕ ಉಂಟೆಂದು ದೊತೊರ್ನಿನ, ಅಂದರೆ ಧರ್ಮೋಪದೇಶದ, ಯಾವ ಪಾಠದಲ್ಲೂ ನಾನು ಓದಿಲ್ಲ. ಆದರೆ ಅತ್ತೆಯ ಎದುರು ಶಾಸ್ತ್ರ ಮಾತಾಡುವುದಕ್ಕೆ ವಿಗಾರ್ ಫಾದರೇ ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ.

ಇದೇ ಮಾಂಯ್ ಐದಾರು ವರ್ಷಗಳ ಹಿಂದೆ, ಕೆಸರಾಗುತ್ತದೆಂದು ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸಿದವರು. ಕರ್ಣಕುಂಡಲ, ಸಂಜೆಮಲ್ಲಿಗೆ, ರಥಪುಷ್ಪ, ಅಬ್ಬಲಿಗೆ ಎಲ್ಲ ಆ ಇಟ್ಟಿಗೆಯಡಿ ಹೋದವು. ಈಗ ಉಳಿದಿರುವುದು ಕುಂಡದಲ್ಲಿ ಬೆಳೆಯುವ ದೊಡ್ಡ ದೊಡ್ಡ ಎಲೆಯ ಗಿಡಗಳು. ನೋಡಲು ಬಹಳ ಗಾಂಭೀರ್ಯ, ಹೂ ಬಿಡುವ ಅಭ್ಯಾಸ ಮಾತ್ರ ಯಾವುದಕ್ಕೂ ಇಲ್ಲ. ಈಚೆಗೆ ನಮ್ಮ ಬೀದಿಯ ಮನೆಗಳೆಲ್ಲ ಹೀಗೇ ಎಲೆಗೆ ಮತಾಂತರವಾಗಿವೆ.

ಹೂವಿನ ಬರ ಯಾವಾಗಲೂ ಇದ್ದದ್ದೇ. ಆದರೆ 2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಪಂಚಾಂಗ, ಇಗರ್ಜಿ, ಶಾಲೆ ಮೂರೂ ಸೇರಿ ಸಂಚು ಮಾಡಿದಂತಿತ್ತು. ಗುರುವಾರ 5ಕ್ಕೆ ಶಿಕ್ಷಕರ ದಿನ, ಶನಿವಾರ 7ಕ್ಕೆ ಚೌತಿ, ಆದಿತ್ಯವಾರ 8ಕ್ಕೆ ನಮ್ಮ ಹಬ್ಬ, ಸೋಮವಾರ ಮಕ್ಕಳಿಗೆ ಟೆಸ್ಟು. ಟೀಚರಿಗೆ ಹೂ ಬೇಕು, ಗಣಪತಿಗೆ ಹೂ ಬೇಕು, ಮರಿಯಮ್ಮನಿಗೂ ಬೇಕು. ಗಿಡಗಳಿಗೆ ಈ ಮೂರು ಪಕ್ಷಗಳ ಸಂಗತಿ ಯಾರೂ ತಿಳಿಸಿರಲಿಲ್ಲವೇನೋ, ಮಳೆಗೆ ಮೊಗ್ಗು ಕೊಳೆತು ಸುಮ್ಮನೆ ನಿಂತಿದ್ದವು.

ನಮ್ಮ ಪಕ್ಕದ ಶೆಟ್ರ ಮನೆಯ ಅಕ್ಕನ ಹಿತ್ತಲು ಈ ಬೀದಿಯಲ್ಲಿ ಉಳಿದಿರುವ ಕೊನೆಯ ನಿಜವಾದ ಹಿತ್ತಲು. ಅಲ್ಲಿಗೆ ನಮ್ಮ ಮಗಳು ಬುಟ್ಟಿ ಹಿಡಿದು ಹೋದಾಗ ಅಕ್ಕ ಒಂದು ಒಪ್ಪಂದ ಮಾಡಿಕೊಂಡರು. ಕೆಂಪು ದಾಸವಾಳ ಗಣಪತಿಗೆ, ಬಿಳಿ ಮತ್ತು ಹಳದಿ ನಿಮ್ಮ ಮಾತೆಗೆ. ಕೇಪಳ ಅರ್ಧ ಅರ್ಧ. ಗರಿಕೆಯ ತಂಟೆಗೆ ಬರಬಾರದು. ಮಾಂಯ್ ಅವರಿಗೆ ಬಾಯಮ್ಮ. "ಬಾಯಮ್ಮನಿಗೆ ಹೇಳು, ನಂದಬಟ್ಟಲು ಬೇಕಾದಷ್ಟು ಉಂಟು, ಅದಕ್ಕೆ ನಮ್ಮಲ್ಲಿ ಗಿರಾಕಿ ಇಲ್ಲ" ಎಂದು ಹೇಳಿ ಕಳಿಸಿದರು. ಎರಡನೇ ಕ್ಲಾಸಿನ ಮಗಳು ಈ ಗಡಿರೇಖೆಯನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ, ಗುರುವಾರ ಬೆಳಿಗ್ಗೆ ಟೀಚರಿಗೆ ಕೊಡಲೂ ಬಿಳಿ ದಾಸವಾಳವನ್ನೇ ಹಿಡಿದು ಹೊರಟಳು. ಉಡುಗೊರೆ ಯಾರೂ ತರಬಾರದೆಂದು ಶಾಲೆಯಿಂದ ಮೆಸೇಜು ಬಂದಿತ್ತು. ಅದು ಬಂದದ್ದರಿಂದಲೇ ಉಳಿದ ಮಕ್ಕಳೆಲ್ಲ ಪ್ಲಾಸ್ಟಿಕ್ ಸುತ್ತಿದ ಗುಲಾಬಿ ತಂದಿದ್ದರು ಎಂದು ಸಂಜೆ ಮಗಳು ಮುಖ ಊದಿಸಿಕೊಂಡು ಬಂದು ಹೇಳಿದಳು.

ಮಲ್ಲಿಗೆಯ ಮಾತು ಬೇರೆ. ಅದನ್ನು ಅಂಗಳದಲ್ಲಿ ಹುಡುಕುವಂತಿಲ್ಲ. ಶಂಕರಪುರದ ಮಲ್ಲಿಗೆಯನ್ನು ನಮ್ಮಲ್ಲಿ ಅಟ್ಟೆಯಲ್ಲಿ ಅಳೆಯುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಆ ಊರಿನಲ್ಲಿ ಮಲ್ಲಿಗೆ ಬೆಳೆದು, ನಸುಕಿಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಮಕ್ಕಳನ್ನು ಓದಿಸಿದ ಕ್ರಿಸ್ತುವರ ಮನೆಗಳು ಬೇಕಾದಷ್ಟಿವೆ. ಮಾಂಯ್‌ಯ ತವರು ಆ ಕಡೆಯೇ. ಅವರ ಅಣ್ಣನ ಮನೆಯ ಮಲ್ಲಿಗೆ ಚೌತಿಯ ಮುನ್ನಾದಿನ ಚಿನ್ನದ ದರಕ್ಕೆ ಹೋಗುತ್ತದೆ. ಗಣಪತಿಯ ಕೊರಳಿಗೆ ಹೋಗುವ ಆ ಹೂವಿನ ದುಡ್ಡಿನಲ್ಲಿ ಅವರ ಮನೆಗೆ ಮೊಂತಿ ಹಬ್ಬದ ತರಕಾರಿ ಬರುತ್ತದೆ. ನಮಗೆ ಕೇಳಿದರೆ ಮಾತ್ರ, "ಹಬ್ಬದ ಹೊತ್ತಿಗೆ ಕೇಳಬೇಡ ತಂಗೀ, ಲೆಂಟಿನಲ್ಲಿ ಬಾ, ಬುಟ್ಟಿಗಟ್ಟಲೆ ಕೊಡ್ತೇನೆ" ಎನ್ನುತ್ತಾರೆ. ಉಪವಾಸದ ಆ ದಿನಗಳಲ್ಲಿ ಹೂ ಮುಡಿಯುವವರು ಯಾರು?

ಶಾಲೆಯ ಕಡೆಗೂ ಸ್ವಲ್ಪ ನೋಡೋಣ. ಕರಾವಳಿಯಲ್ಲಿ ಜುಲೈ ತಿಂಗಳೆಂದರೆ ಮಕ್ಕಳು ರಾತ್ರಿ ದೇವರಿಗಿಂತ ಹೆಚ್ಚು ಭಕ್ತಿಯಿಂದ ಜಿಲ್ಲಾಧಿಕಾರಿಗಳನ್ನು ನೆನೆಯುವ ಕಾಲ. ರೆಡ್ ಅಲರ್ಟ್ ಬಂದರೆ ರಜೆ. ಆಗ ಕೊಟ್ಟ ರಜೆಯನ್ನೆಲ್ಲ ಆಮೇಲೆ ಶನಿವಾರ ಪೂರ್ತಿ ಪಾಠ ಮಾಡಿ ಬಡ್ಡಿ ಸಮೇತ ವಸೂಲು ಮಾಡುತ್ತಾರೆ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಯಾವ ಮಗುವಿಗೂ ಪುರುಸೊತ್ತಿಲ್ಲ. ಟೆಸ್ಟು, ತಾಲೂಕು ಮಟ್ಟದ ಕ್ರೀಡಾಕೂಟ, ಪ್ರತಿಭಾ ಕಾರಂಜಿ ಎಲ್ಲ ಆಗಲೇ ಉಕ್ಕುತ್ತವೆ. ಅದರ ಮೇಲೆ ಹಬ್ಬ ಆದಿತ್ಯವಾರ ಬಿದ್ದದ್ದು ನಮ್ಮ ಎಂಟನೇ ಕ್ಲಾಸಿನ ಮಗನಿಗೆ ದೊಡ್ಡ ಅನ್ಯಾಯವಾಗಿ ಕಂಡಿತು. ಸರಕಾರದ ಪಟ್ಟಿಯಲ್ಲಿ ಇದಕ್ಕೆ ಕನ್ಯಾ ಮರಿಯಮ್ಮ ಜಯಂತಿ ಎಂದು ಹೆಸರು, ಪರಿಮಿತ ರಜೆಯ ಸಾಲಿನಲ್ಲಿ. ನಮ್ಮ ಕ್ರಿಸ್ತುವರ ಶಾಲೆಗಳು ಆ ದಿನ ಹೇಗೂ ಬಾಗಿಲು ಹಾಕುತ್ತವೆ. ಆದಿತ್ಯವಾರ ಬಂದರೆ ಆ ರಜೆ ಹೋಯಿತು. "ಸೋಮವಾರಕ್ಕೆ ಹಾಕ್ಲಿಕ್ಕೆ ಬಿಷಪ್ಪರಿಗೆ ಅಧಿಕಾರ ಇಲ್ವಾ?" ಎಂದು ಕೇಳಿದ. ಮರಿಯಮ್ಮ ಹುಟ್ಟಿದ ದಿನವನ್ನು ಒಂದು ದಿನ ಮುಂದೆ ಹಾಕುವಷ್ಟು ಅಧಿಕಾರ ಬಿಷಪ್ಪರಿಗೆ ಉಂಟೋ ಇಲ್ಲವೋ, ವಿಜ್ಞಾನದ ಟೆಸ್ಟನ್ನು ಮುಂದೆ ಹಾಕುವಷ್ಟು ಇಲ್ಲವೆಂಬುದು ಖಂಡಿತ.

ಮಗಳಿಗೆ ಶಿಕ್ಷಕರ ದಿನಕ್ಕೆ ರಾಧಾಕೃಷ್ಣನ್ ಬಗ್ಗೆ ಐದು ವಾಕ್ಯ ಹೇಳಲು ಕೊಟ್ಟಿದ್ದರು. ಅವಳು ಅದನ್ನು ಬಾಯಿಪಾಠ ಮಾಡಿದ್ದು ನೊವೆನಾಕ್ಕೆ ಹೋಗುವ ಸ್ಕೂಟರಿನಲ್ಲಿ. ಪರಿಣಾಮ ಏನಾಯಿತೆಂದರೆ, ಬುಧವಾರ ರಾತ್ರಿ ಮನೆಯಲ್ಲಿ ತೇರ್ಸ ನಡೆಯುವಾಗ ಅವಳ ಸರದಿ ಬಂತು. ಅರ್ಧ ನಿದ್ದೆಯಲ್ಲಿ ಜಪಮಾಲೆಯ ಮಣಿ ಹಿಡಿದುಕೊಂಡೇ, "ಸರ್ವೇಪಲ್ಲಿ ರಾಧಾಕೃಷ್ಣನ್ ಅವರು 1888ನೇ ಇಸವಿ ಸೆಪ್ಟೆಂಬರ್ 5ರಂದು ಜನಿಸಿದರು" ಎಂದು ಗಟ್ಟಿಯಾಗಿ ಶುರು ಮಾಡಿದಳು. ಅವಳ ಅಪ್ಪ ಎಂದಿನ ಅಭ್ಯಾಸದಂತೆ ಕಣ್ಣು ಮುಚ್ಚಿಕೊಂಡು ಉತ್ತರಾರ್ಧ ಹೇಳಿ ಮುಗಿಸಿದರು. ಮಗ ನಗು ತಡೆಯಲಾರದೆ ಸೋಫಾದ ಹಿಂದೆ ಹೋದ. ಮಾಂಯ್ ಮಾತ್ರ ಗಂಭೀರವಾಗಿ, "ಹೇಳಲಿ, ಪಾಪ, ಅವರಿಗೂ ಒಂದು ಪ್ರಾರ್ಥನೆ ಸಲ್ಲಲಿ" ಎಂದರು. ತೇರ್ಸ ಮುಗಿದು ಹಿರಿಯರ ಬಳಿ ಕೈಮುಗಿದು ಬೆಸಾಂವ್ ಕೇಳುವಾಗ ಮಗಳಿಗೆ ಉಳಿದ ವಾಕ್ಯಗಳನ್ನೂ ಹೇಳಲು ಹೇಳಿದರು. ಮೈಸೂರಿನ ಮಹಾರಾಜಾ ಕಾಲೇಜಿನಿಂದ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದರು ಎಂಬುದು ನಾಲ್ಕನೆಯ ವಾಕ್ಯ. ಮಾಂಯ್ ಒಮ್ಮೆ ನಿಟ್ಟುಸಿರು ಬಿಟ್ಟು, "ಆಗಲೂ ಹೂವೇ ಬೇಕಾಯಿತಾ?" ಎಂದು ಕೇಳಿದರು.

ಹೂವಿನ ಚಿಂತೆ ಮಕ್ಕಳದ್ದು, ತೆನೆಯ ಚಿಂತೆ ದೊಡ್ಡವರದ್ದು. ನಮ್ಮ ಕಡೆ ಮಳೆಗಾಲದ ಬೆಳೆ ಏಣೆಲು. ಜೂನ್-ಜುಲೈಯಲ್ಲಿ ನೆಟ್ಟದ್ದು ಕೊಯ್ಲಿಗೆ ಬರುವುದು ಅಕ್ಟೋಬರ್ ಹೊತ್ತಿಗೆ. ಸೆಪ್ಟೆಂಬರ್ 8ಕ್ಕೆ ಗದ್ದೆಯಲ್ಲಿ ಇರುವುದು ಹೆಚ್ಚೆಂದರೆ ಹಾಲು ತುಂಬುತ್ತಿರುವ ಹಸಿರು ತೆನೆ. ಹಬ್ಬದ ತಾರೀಕು ಬದಲಾಗುವುದಿಲ್ಲ, ಭತ್ತ ಅವಸರ ಮಾಡುವುದಿಲ್ಲ. ಹಾಗಾಗಿ ಯಾರೋ ಒಬ್ಬರು ಒಂದು ತುಂಡು ಗದ್ದೆಯಲ್ಲಿ ಬೇಗ ಬಿತ್ತಿ, ಇಡೀ ಊರಿಗೆ ತೆನೆ ಒದಗಿಸಬೇಕು. ಹಿಂದೆ ಆ 'ಯಾರೋ' ಹುಡುಕುವ ಕಷ್ಟವಿರಲಿಲ್ಲ, ಎಲ್ಲರಿಗೂ ಗದ್ದೆಯಿತ್ತು. ಈಗ ಗದ್ದೆಯಲ್ಲಿ ಅಡಿಕೆ ನಿಂತಿದೆ, ಇಲ್ಲವೆ ಲೇಔಟಿನ ಕಲ್ಲು. ನಮ್ಮ ವಾಡೆಯ, ಅಂದರೆ ಇಗರ್ಜಿಯ ವಾರ್ಡಿನ, ಮುಖಂಡರಾದ ಗುರ್ಕಾರರು ಆಗಸ್ಟ್ ತಿಂಗಳಿಡೀ ಬೈಕಿನಲ್ಲಿ ಸುತ್ತುವುದು ಮದುವೆಗೆ ಹೆಣ್ಣು ನೋಡಲು ಹೊರಟವರ ಹಾಗೆ: ಎಲ್ಲಿ ಒಂದು ಹಸಿರು ಗದ್ದೆ ಕಂಡರೂ ಇಳಿದು ವಿಚಾರಿಸುತ್ತಾರೆ, ಯಾರದ್ದು, ಎಷ್ಟು ದಿನದ್ದು, ಕೊಡ್ತಾರಾ ಎಂದು. ಕೆಲವು ಇಗರ್ಜಿಗಳಲ್ಲಿ ಯುವಕ ಸಂಘದವರು ಅಂಗಳದಲ್ಲೇ ಗೋಣಿಚೀಲಕ್ಕೆ ಮಣ್ಣು ತುಂಬಿ ಭತ್ತ ಬೆಳೆಸುತ್ತಾರೆ. ಪೇಟೆಯ ಮಕ್ಕಳು ಅದರ ಎದುರು ಸೆಲ್ಫಿ ತೆಗೆದುಕೊಳ್ಳುತ್ತಾರೆ. ತಪ್ಪೇನಿಲ್ಲ. ಅನ್ನ ಎಲ್ಲಿಂದ ಬರುತ್ತದೆಂದು ಕೇಳಿದರೆ ಆ್ಯಪಿನ ಹೆಸರು ಹೇಳುವ ಕಾಲ.

ಆ ವರ್ಷ ನಮ್ಮ ವಾಡೆಗೆ ತೆನೆ ಸಿಕ್ಕಿದ್ದು ಶೆಟ್ರ ಅಕ್ಕನ ತಮ್ಮನ ಗದ್ದೆಯಲ್ಲಿ. ಅದರಲ್ಲಿ ಆಶ್ಚರ್ಯವೂ ಇಲ್ಲ. ಅವರ ಮನೆಯಲ್ಲೂ ಈ ದಿನಗಳಲ್ಲೇ ತೆನೆ ತಂದು ಬಾಗಿಲಿಗೆ, ಕಣಜಕ್ಕೆ, ಬಾವಿಯ ಕಂಬಕ್ಕೆ ಕಟ್ಟುತ್ತಾರೆ, ಆಮೇಲೆ ಪುದ್ವಾರ್ ಎಂದು ಹೊಸ ಅಕ್ಕಿಯ ಊಟ ಮಾಡುತ್ತಾರೆ. ತುಳುನಾಡಿನಲ್ಲಿ ಯಾರು ಯಾವ ದೇವರಿಗೆ ಕೈಮುಗಿದರೂ ಭತ್ತದ ಎದುರು ಬಗ್ಗುವ ತಿಂಗಳು ಒಂದೇ. ಪುಸ್ತಕದವರ ಲೆಕ್ಕದಲ್ಲಿ ನಮ್ಮ ಹಬ್ಬದ ಈ ರೂಪ 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ, ಗೋವೆಯಿಂದ ಬಂದ ಜೊವಾಕಿಂ ಮಿರಾಂದ ಎಂಬ ಪಾದ್ರಿಯಿಂದ ಶುರುವಾಯಿತು. ನೇತ್ರಾವತಿಯ ದಡದ ಆ ದಿಬ್ಬದ ಇಗರ್ಜಿ ಈಗಲೂ ಉಂಟು, ಬೆಂಗಳೂರಿನ ಹೆದ್ದಾರಿಯಲ್ಲಿ ಹೋಗುವವರು ಒಮ್ಮೆ ಕತ್ತು ತಿರುಗಿಸಬಹುದು. ಆಮೇಲೆ 1784ರಲ್ಲಿ ಟಿಪ್ಪು ಈ ಸಮುದಾಯದವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬದುಕಿ ಉಳಿದವರು 1799ರ ನಂತರ ಹಿಂದಿರುಗಿದರು. ಬಂದವರು ಮತ್ತೆ ಗದ್ದೆ ಮಾಡಿದರು, ಮತ್ತೆ ತೆನೆ ತಂದರು. ಇದನ್ನೆಲ್ಲ ಮಗನಿಗೆ ವಿವರಿಸಿದಾಗ ಅವನು, "ಟೆಸ್ಟಿಗೆ ಇದು ಬರುವುದಿಲ್ಲ" ಎಂದು ಎದ್ದು ಹೋದ.

ಇನ್ನು ಪಲ್ಯದ ವಿಷಯ. ಮೊಂತಿ ಹಬ್ಬದಂದು ಮೀನಿಲ್ಲ, ಮಾಂಸವಿಲ್ಲ. ವರ್ಷವಿಡೀ ಹಂದಿ ಬಾಫತ್ ಮತ್ತು ಬಂಗುಡೆಯ ಮೇಲೆ ನಿಂತ ಮನೆಗಳು ಆ ಒಂದು ಮಧ್ಯಾಹ್ನ ಬಾಳೆಲೆ ಹಾಸಿ ಶುದ್ಧ ಸಸ್ಯಾಹಾರಿಗಳಾಗುತ್ತವೆ. ಪಲ್ಯ-ಗಸಿಗಳ ಸಂಖ್ಯೆ ಬೆಸವಾಗಿರಬೇಕು. ಐದು, ಏಳು, ಒಂಬತ್ತು, ಅವರವರ ಶಕ್ತಿ. ಯಾಕೆ ಬೆಸ ಎಂದರೆ ಒಬ್ಬೊಬ್ಬರದು ಒಂದೊಂದು ಉತ್ತರ, ಎಲ್ಲವೂ ಆ ಕ್ಷಣಕ್ಕೆ ಹುಟ್ಟಿದ್ದು. ನಮ್ಮಲ್ಲಿ ಏಳು. ಹರಿವೆ ದಂಟು, ಅಂಬಟೆಕಾಯಿ ಹಾಕಿದ ಕೆಸುವಿನ ಎಲೆಯ ಗಂಟು, ಬೆಂಡೆ, ತೊಂಡೆ, ಹಾಗಲ, ಹೀರೆ, ಕಡಲೆ ಹಾಕಿದ ಜೀಗುಜ್ಜೆ. ಶನಿವಾರ ತರಕಾರಿ ತರಲು ಹೋದರೆ ಮಾರ್ಕೆಟ್ಟಿನಲ್ಲಿ ಚೌತಿಯವರು, ಮೊಂತಿಯವರು ಒಂದೇ ಹರಿವೆ ಕಟ್ಟಿಗೆ ಕೈ ಹಾಕಿ ನಿಂತಿದ್ದರು. ಬೆಂಡೆಗೆ ಆ ಒಂದು ವಾರ ಬರುವ ಜಂಬ ನೋಡಬೇಕು.

ಏಳೆಂದರೆ ಯಾವ ಏಳು, ಇದು ಮನೆಮನೆಯ ಜಗಳ. ಸಾರು ಲೆಕ್ಕವೇ? ಉಪ್ಪಿನಕಾಯಿ? ತೆಂಗಿನಹಾಲು ಬೆಲ್ಲ ಹಾಕಿದ ಹೆಸರಿನ ವೋರ್ನ್ ಪಾಯಸವೋ ಪದಾರ್ಥವೋ? ಮಾಂಯ್ ಕೊಟ್ಟ ತೀರ್ಪು: ಬಡಿಸಿದ್ದು ಹೊರಳಿಸಿ ತಿನ್ನುವಂತಿದ್ದರೆ ಲೆಕ್ಕ, ನೆಕ್ಕುವಂತಿದ್ದರೆ ಲೆಕ್ಕವಿಲ್ಲ. ಈ ವ್ಯಾಖ್ಯೆಗೆ ಮಗ ಗಣಿತದ ನಾನಾ ಆಕ್ಷೇಪ ತೆಗೆದ. ಅವನ ಪ್ರಕಾರ ಗಂಜಿಯೂ ಒಂದು ಗಡಿ ಪ್ರಕರಣ.

ಆದಿತ್ಯವಾರ ಬೆಳಿಗ್ಗೆ ಇಗರ್ಜಿಯ ಅಂಗಳ ನೋಡಬೇಕು. ಬಾಲೆ ಮರಿಯಮ್ಮನ ಮೆರವಣಿಗೆ, ತೆನೆಯ ಕಟ್ಟುಗಳಿಗೆ ಫಾದರ್ ಆಶೀರ್ವಾದ, ಬ್ಯಾಂಡು, ಕೊಡೆ, ಬಿಳಿ ಫ್ರಾಕಿನ ಮಕ್ಕಳು, ಆ ಫ್ರಾಕಿನ ಮೇಲೆ ಕೆಸರು. ಪೂಜೆಯ ನಂತರ ಮನೆಗಿಷ್ಟು ಎಂದು ತೆನೆ ಹಂಚುತ್ತಾರೆ, ಮಕ್ಕಳಿಗೆ ಕಬ್ಬು. ಹೂ ತಂದ ಮಕ್ಕಳಿಗೆ ಮಾತ್ರ ಕಬ್ಬು ಎಂದು ಮೈಕಿನಲ್ಲಿ ಹೇಳುತ್ತಾರೆ. ಪ್ರತಿ ವರ್ಷವೂ ಹೇಳುತ್ತಾರೆ, ಪ್ರತಿ ವರ್ಷವೂ ಮೀಸೆ ಮೊಳೆತ ಹುಡುಗರು ಬೇಲಿಯಿಂದ ಒಂದು ಕೇಪಳ ಕಿತ್ತು ಕಿವಿಗಿಟ್ಟುಕೊಂಡು ಸಾಲಿನಲ್ಲಿ ನಿಲ್ಲುತ್ತಾರೆ. ಒಂಬತ್ತು ದಿನವೂ ಹೂ ಹೊತ್ತ ನನ್ನ ಮಗಳಿಗೆ ಸಿಕ್ಕಿದ್ದು ಗಿಡ್ಡ ತುಂಡು. ನೊವೆನಾಕ್ಕೆ ಒಂದೇ ದಿನ, ಅದೂ ಕ್ರಿಕೆಟ್ ಮುಗಿಸಿ ಬಂದ ಮಗನ ಕೈಯಲ್ಲಿ ಅವನಷ್ಟೇ ಉದ್ದದ ಜಲ್ಲೆ. ದೇವರ ನ್ಯಾಯದ ಬಗ್ಗೆ ಅವಳು ಎತ್ತಿದ ಪ್ರಶ್ನೆಗೆ ಅವಳಪ್ಪ ಸ್ಕೂಟರ್ ಸ್ಟಾರ್ಟ್ ಮಾಡುವುದರ ಮೂಲಕ ಉತ್ತರಿಸಿದರು. ಆ ಹೊತ್ತು ರಸ್ತೆಯಲ್ಲಿ ಹೋಗುವ ಯಾವ ಸ್ಕೂಟರನ್ನು ಕಂಡರೂ ಹಿಂದಿನಿಂದ ಕಬ್ಬು ಚಾಚಿರುತ್ತದೆ, ಹಿಂದೆ ಬರುವವರು ಕಣ್ಣು ಜೋಪಾನ ಮಾಡಿಕೊಳ್ಳಬೇಕು.

ಹೂ, ತೆನೆ, ತರಕಾರಿ ಎಲ್ಲ ಹೇಗೋ ಸಿಗುತ್ತವೆ. ಸಿಗದಿರುವುದು ಮನುಷ್ಯರು. ಈ ಹಬ್ಬದ ನಿಜವಾದ ಷರತ್ತು ಒಂದೇ: ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ನಾದಿನಿ ಆಸ್ಪತ್ರೆಯಲ್ಲಿ ನರ್ಸು, ಅವತ್ತು ಅವಳ ಡ್ಯೂಟಿ ಮುಗಿಯುವುದು ಎರಡು ಗಂಟೆಗೆ. ಮೈದುನ ದುಬೈಯಲ್ಲಿ. ಎಮಿರೇಟ್ಸಿನವರು 2022ರಲ್ಲಿ ವಾರದ ರಜೆಯನ್ನು ಶನಿವಾರ-ಆದಿತ್ಯವಾರಕ್ಕೆ ಬದಲಾಯಿಸಿದ ಮೇಲೆ ಅವನಿಗೂ ಆದಿತ್ಯವಾರ ಪುರುಸೊತ್ತು. ಹಿಂದೆ ಮಾಂಯ್ ಅವನಿಗೆಂದು ಎರಡು ತೆನೆಯನ್ನು ಲಕೋಟೆಯಲ್ಲಿಟ್ಟು, ಊರಿಗೆ ಬಂದು ಹೋಗುವ ಯಾರಾದರೂ ಸಿಕ್ಕಿದರೆ ಅವರ ಕೈಯಲ್ಲಿ ಕಳಿಸುತ್ತಿದ್ದರು. ಅದು ತಲುಪುವಾಗ ಕ್ರಿಸ್ಮಸ್ ಹತ್ತಿರ ಬಂದಿರುತ್ತಿತ್ತು, ಲಕೋಟೆಯಲ್ಲಿ ತೆನೆಗಿಂತ ಹೊಟ್ಟು ಹೆಚ್ಚು. ಈಗ ವಿಡಿಯೊ ಕಾಲ್. ಮೊಬೈಲನ್ನು ಸ್ಟೀಲ್ ಲೋಟಕ್ಕೆ ಒರಗಿಸಿ ಅದರ ಎದುರೂ ಒಂದು ತುಂಡು ಬಾಳೆಲೆ ಹಾಕಬೇಕೆಂದು ಮಾಂಯ್ ಹಟ ಹಿಡಿದರು. ನಾದಿನಿ ಬರುವಾಗ ಎರಡೂವರೆ ದಾಟಿತ್ತು. ಲೋಟಕ್ಕೆ ಒರಗಿದ ಮೈದುನ ಅಷ್ಟರಲ್ಲಿ ಎರಡು ಸಲ ಕಟ್ಟಾಗಿ, ಅಲ್ಲಿ ಇನ್ನೂ ಒಂದು ಗಂಟೆಯಷ್ಟೇ, ನೀವು ನಿಧಾನ ಮಾಡಿ ಎಂದು ಉದಾರತೆ ತೋರಿಸುತ್ತಿದ್ದ. ಹೊಟ್ಟೆ ಖಾಲಿ ಇದ್ದವರು ನಾವು.

ಇನ್ನೇನು ಪ್ರಾರ್ಥನೆ ಶುರುವಾಗಬೇಕು, ಶೆಟ್ರ ಅಕ್ಕ ಹಿತ್ತಲ ಬಾಗಿಲಿನಿಂದ ಒಂದು ಡಬ್ಬಿ ಹಿಡಿದು ಬಂದರು. "ಬಾಯಮ್ಮ, ಪತ್ರೊಡೆ ಮಾಡಿದ್ದೆ, ಬಿಸಿ ಉಂಟು, ಇದನ್ನೂ ಎಲೆಗೆ ಹಾಕಿ." ಎಷ್ಟು ಪ್ರೀತಿಯಿಂದ ತಂದದ್ದು! ಮಾಂಯ್ ನಗುತ್ತಲೇ ತೆಗೆದುಕೊಂಡರು, ಅಕ್ಕ ಅತ್ತ ಹೋದದ್ದೇ ಮುಖ ಬಿಳಿಚಿತು. ಎಂಟು! ಹೊರಳಿಸಿ ತಿನ್ನುವಂಥದ್ದು, ವ್ಯಾಖ್ಯೆಯಲ್ಲಿ ಜಾರಿಕೊಳ್ಳಲು ದಾರಿಯಿಲ್ಲ. ರಾತ್ರಿಗೆ ಇಟ್ಟರಾಯಿತು ಎಂದರು ನನ್ನ ಗಂಡ. ಎಲೆಗೆ ಹಾಕಿ ಎಂದು ಹೇಳಿ ಕೊಟ್ಟದ್ದನ್ನು ರಾತ್ರಿಗೆ ಇಡುವುದು ಹೇಗೆ? ಹೀರೆಯನ್ನು ತೆಗೆದುಬಿಡೋಣ ಎಂದು ಮಗ ಬಹಳ ಆಸೆಯಿಂದ ಸೂಚಿಸಿದ. ಅವನಿಗೆ ಹೀರೆ ಸೇರುವುದಿಲ್ಲ. ಕೊನೆಗೆ ದುಬೈಯಿಂದಲೇ ಪರಿಹಾರ ಬಂತು: "ಒಂದು ಮುಳ್ಳುಸೌತೆ ಹೆಚ್ಚಿ ಉಪ್ಪು ಹಾಕಿ ಮಾಂಯ್, ಒಂಬತ್ತಾಗ್ತದೆ." ಮುಳ್ಳುಸೌತೆ ಫ್ರಿಜ್ಜಿನಲ್ಲಿತ್ತು. ನಮ್ಮ ಮನೆಯ ಇತಿಹಾಸದಲ್ಲಿ ಮೊದಲ ಬಾರಿಗೆ ಹಬ್ಬದ ಊಟ ಏಳರಿಂದ ಒಂಬತ್ತಕ್ಕೆ ಬಡ್ತಿ ಪಡೆಯಿತು.

ತೆನೆಯನ್ನು ಅಲ್ತಾರಿನ ಎದುರಿಟ್ಟು ಪ್ರಾರ್ಥಿಸಿ, ಕಾಳನ್ನು ಉಗುರಿನಿಂದ ಸುಲಿದು, ಗುದ್ದಿ, ಹಾಲಿಗೆ ಬೆರೆಸಿದರು. ಹಸಿರು ತೆನೆಯಲ್ಲಿ ಅಕ್ಕಿ ಎಷ್ಟಿರುತ್ತದೆ? ಎಲ್ಲರಿಗೂ ಒಂದೊಂದು ಚಮಚ. ಹಿರಿಯರಿಂದ ಕಿರಿಯರಿಗೆ. ಹುಲ್ಲಿನ ವಾಸನೆಯ ಸಿಹಿ ಹಾಲು, ನಡುವೆ ಎಲ್ಲೋ ಹಲ್ಲಿಗೆ ಸಿಗುವ ಒಂದು ನುಚ್ಚು. ಮೈದುನನ ಎಲೆಯ ಮೇಲೂ ಒಂದು ಚಮಚ ಬಿತ್ತು. ಅದನ್ನು ಅವನ ಪರವಾಗಿ ತಿನ್ನುವ ಹಕ್ಕಿಗಾಗಿ ಮಕ್ಕಳಿಬ್ಬರೂ ಹೊಡೆದಾಡಿಕೊಂಡರು. ಊಟವಾದ ಮೇಲೆ ಮಗಳು ಬಾಳೆಲೆಯ ಬದಿಯಲ್ಲೇ ನಿದ್ದೆಹೋದಳು. ನಾದಿನಿ ಯೂನಿಫಾರ್ಮ್ ಕೂಡ ಬದಲಿಸದೆ ಸೋಫಾದ ಮೇಲೆ ಒರಗಿದವಳು ಏಳಲಿಲ್ಲ. ವಿಜ್ಞಾನದ ಪುಸ್ತಕ ತೆರೆದಿತ್ತು, ಅದರೊಳಗೆ ಕಬ್ಬಿನ ಸಿಪ್ಪೆ ಇತ್ತು, ಓದುವವನು ಇರಲಿಲ್ಲ.

ಸೋಮವಾರ ಮಕ್ಕಳನ್ನು ಟೆಸ್ಟಿಗೆ ಸಾಗಹಾಕಿ ಬರುವಾಗ ಗೇಟಿನಲ್ಲಿ ಮೀನಿನ ಕಾಕನ ಸ್ಕೂಟರಿನ ಹಾರ್ನ್. ಟ್ರಾಲಿಂಗ್ ನಿಷೇಧ ಜುಲೈ ಕೊನೆಗೆ ಮುಗಿದಿರುತ್ತದಲ್ಲ, ಸೆಪ್ಟೆಂಬರ್ ಎಂದರೆ ಬಂಗುಡೆಯ ಸುಗ್ಗಿ. ಈ ಬೀದಿಯ ಹಬ್ಬಗಳ ಲೆಕ್ಕ ಕಾಕನಷ್ಟು ಕರಾರುವಾಕ್ಕಾಗಿ ಯಾವ ಕ್ಯಾಲೆಂಡರಿನಲ್ಲೂ ಇಲ್ಲ. "ಮೊನ್ನೆ ಶೆಟ್ರಿಗೆ ಇಲ್ಲ, ನಿನ್ನೆ ನಿಮಗೆ ಇಲ್ಲ, ಹಬ್ಬ ನಿಮ್ಮದು, ಎರಡು ದಿನ ರಜೆ ನಂದು" ಎಂದು ಪೆಟ್ಟಿಗೆ ತೆರೆದರು. ಮಾಂಯ್ ಆಗಲೇ ಪಾತ್ರೆ ಹಿಡಿದು ನಿಂತಿದ್ದರು.

"ಹೇಗೆ ಕಾಕ?"

"ನೂರಕ್ಕೆ ಐದು, ಬಾಯಮ್ಮ."

"ಆರು ಹಾಕಿ."

"ನಿಮಗೆ ಬೆಸ ಅಲ್ವಾ ಆಗಬೇಕಾದ್ದು?"

"ಅದು ನಿನ್ನೆ" ಎಂದರು ಮಾಂಯ್, ಪಾತ್ರೆ ಮುಂದೆ ಚಾಚಿ.